ಎರಡು ಮನೆಗೆ ಒಂದೇ ಬಚ್ಚಲು

ಮೊನ್ನೆ ನಮ್ಮ ಮಗ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಡಬ್ಬಿ ಕರಿ ಫಿನೈಲ್ ತಂದ. ಸೊಸೆ ಯಾವಾಗಲೂ ತರಿಸುವ ಮಲ್ಲಿಗೆ ವಾಸನೆಯ ಬಾಟಲಿ ಮುಗಿದಿತ್ತು. ಚಿಕ್ಕೋಡಿಯಲ್ಲಿ ನಮ್ಮದು ಈಗಿನ ಕಾಲದ ಮನೆ, ಬಾತ್‌ರೂಮಿನ ಗೋಡೆಗೆ ನನ್ನ ತಲೆಗಿಂತ ಮೇಲಿನವರೆಗೆ ಟೈಲ್ಸ್ ಕೂಡಿಸಿದ್ದಾರೆ. ಆ ಬಾಟಲಿಯದು ಮಲ್ಲಿಗೆ ವಾಸನೆ ಅಂತ ಅವರು ಅನ್ನುತ್ತಾರೆ. ಮಲ್ಲಿಗೆ ಮುಡಿದವರು ಹಾಗೆ ಅನ್ನುವುದಿಲ್ಲ. ಇರಲಿ. ಸೊಸೆ ಬಕೆಟ್ಟಿನ ನೀರಿಗೆ ಕರಿ ಫಿನೈಲ್ ಸುರಿದಳು. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಮುಖ ತೊಳೆಯಲು ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಯಾಕ್ರಿ ಅತ್ತಿ, ತಲಿ ತಿರಗಾಕತ್ತೈತೇನ್ರಿ?” ಎಂದು ಸೊಸೆ ಕೇಳಿದಳು.

“ಇಲ್ಲ. ಸಿಟ್ಟ ಬರಾಕತ್ತೈತಿ,” ಎಂದೆ.

ತನ್ನ ಮೇಲೆಯೇ ಸಿಟ್ಟು ಎಂದುಕೊಂಡು ಅವಳು ಮುಖ ಸಣ್ಣದು ಮಾಡಿದಳು. ಬಿಡಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ನನ್ನ ಮೂಗಿಗೆ ಬಂದದ್ದು ಬರೀ ಫಿನೈಲ್ ಅಲ್ಲ, ನಮ್ಮ ನೆಗೆಣ್ಣಿ. ಸತ್ತು ಇಷ್ಟು ವರ್ಷವಾದ ಮೇಲೂ ಬಚ್ಚಲಿನಿಂದಲೇ ಎದ್ದು ಬಂದಳು. ಬೇರೆ ಕಡೆಯಿಂದ ಬರುವವಳೂ ಅಲ್ಲ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವಳ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ‘ಅಕ್ಕಾ’ ಎಂದು ಕರೆದೆ, ಕಡೆ ಕಡೆಗೆ ಏನೂ ಕರೆಯಲಿಲ್ಲ. ನಾನು ನಾಲ್ಕನೇ ಇಯತ್ತೆ ಕಲಿತವಳು, ಸಿಂಗರಿಸಿ ಬರೆಯಲು ನನಗೆ ಬರುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇಲ್ಲಿಗೇ ಓದುವುದು ಬಿಡಬಹುದು.

ನನ್ನ ತವರು ಅಥಣಿ ತಾಲೂಕಿನ ಅನಂತಪುರ. ಒಂದಿಷ್ಟು ಹೊಲ, ಒಂದಿಷ್ಟು ಆಡು, ಅಷ್ಟೇ ನಮ್ಮ ಬದುಕು. ನಮ್ಮಲ್ಲಿ ಬಚ್ಚಲೆಂದರೆ ಮನೆಯ ಹಿಂದೆ ಹಾಸಿದ ಒಂದು ಕಲ್ಲು, ಅದರ ಸುತ್ತ ಜೋಳದ ದಂಟಿನ ತಟ್ಟಿ. ಮೈ ತೊಳೆದ ನೀರು ಬದನೆ ಗಿಡಕ್ಕೆ ಹರಿದು ಹೋಗುತ್ತಿತ್ತು. ಅದಕ್ಕೆ ಯಾವ ವಾಸನೆ ಬರಬೇಕು? ಬಿಸಿಲು ಬಿದ್ದರೆ ಒಣಗುತ್ತಿತ್ತು, ಮುಗಿಯಿತು. ಅಂಥಲ್ಲಿಂದ ನನ್ನನ್ನು ಐನಾಪುರದ ದೊಡ್ಡ ಮನೆಗೆ ತಂದರು. ಕಬ್ಬಿನ ಹೊಲ, ದ್ರಾಕ್ಷಿ ಪಡ, ಎಲ್ಲ ಇದ್ದವರು. ನನ್ನನ್ನೇ ಯಾಕೆ ತಂದರು ಎಂದರೆ ನನ್ನ ಗಂಡ ಒಂದು ಕಾಲು ಎಳೆದು ನಡೆಯುತ್ತಿದ್ದ. ಕುಂಟನಿಗೆ ಶ್ರೀಮಂತರು ಹೆಣ್ಣು ಕೊಡಲಿಲ್ಲ. ಅದನ್ನು ಯಾರೂ ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ.

ನೆಗೆಣ್ಣಿ ಬಂದದ್ದು ಗಡಿಯ ಆಚೆಯಿಂದ, ಮಿರಜಿನ ಕಡೆಯ ಮರಾಠಿ ಮನೆಯಿಂದ. ಬರುವಾಗ ತವರಿನಿಂದ ನೀರು ಕಾಯಿಸುವ ತಾಮ್ರದ ಬಂಬ ತಂದಿದ್ದಳು. ನಡುವೆ ಕೊಳವೆ, ಕೊಳವೆಯಲ್ಲಿ ಕೆಂಡ, ಸುತ್ತ ನೀರು, ಕೆಳಗೆ ಹಿತ್ತಾಳೆಯ ನಲ್ಲಿ. ಓಣಿಯಲ್ಲಿ ಮತ್ತೆ ಯಾರ ಮನೆಯಲ್ಲೂ ಅಂಥದ್ದು ಇರಲಿಲ್ಲ. ಆ ಬಂಬ ಇದ್ದ ಕಾರಣಕ್ಕೆ ಬಚ್ಚಲು ತನ್ನದು ಎಂದು ಅವಳು ತಿಳಿದಿದ್ದಳು. ಒಲೆ ಅತ್ತೆಯದು, ದೇವರ ಜಗಲಿ ಮಾವನವರದು, ಬಚ್ಚಲು ಅವಳದು.

ನಾನು ಮದುವೆಯಾಗಿ ಬಂದ ಹೊಸತು. ಸ್ನಾನ ಮಾಡಿ ಹೊರಗೆ ಬಂದಿದ್ದೆ. ನೆಗೆಣ್ಣಿ ಒಳಗೆ ಇಣುಕಿ, ಮೂಗಿಗೆ ಸೆರಗು ಹಿಡಿದು, “ಕಾಯ ಹೀ ಘಾಣ,” ಎಂದಳು.

ಮರಾಠಿಯಲ್ಲಿ ಘಾಣ ಎಂದರೆ ಹೊಲಸು. ನನಗೆ ಮರಾಠಿ ಎಲ್ಲಿ ಬರಬೇಕು? ನನಗೆ ಗೊತ್ತಿದ್ದದ್ದು ಕಬ್ಬು ಅರೆಯುವ ಗಾಣ ಒಂದೇ. ದೊಡ್ಡವರು ಮಾತಾಡಿಸಿದರೆ ಉತ್ತರ ಕೊಡಬೇಕು ಎಂದು ಅವ್ವ ಹೇಳಿ ಕಳಿಸಿದ್ದಳು. ನಾನು ತಲೆ ತಗ್ಗಿಸಿ, “ಗಾಣ ಇನ್ನೂ ಸುರು ಆಗಿಲ್ರಿ ಅಕ್ಕಾ. ದೀಪಾವಳಿ ಆದ ಮ್ಯಾಲ ಅಂತ ಮಾವಾರ ಅಂದ್ರು,” ಎಂದೆ.

ಮನೆಯೆಲ್ಲ ನಕ್ಕಿತು. ಮಾವನವರೂ ನಕ್ಕರು. ನೆಗೆಣ್ಣಿ ಮಾತ್ರ ಆ ನಗುವನ್ನು ಅಲ್ಲಿಗೇ ಬಿಡಲಿಲ್ಲ. ಹಬ್ಬಕ್ಕೆ ಬಂದ ಬೀಗರ ಎದುರು, ಸುಗ್ಗಿಗೆ ಬಂದ ಆಳುಗಳ ಎದುರು, ತೊಟ್ಟಿಲಿಗೆ ಬಂದ ಹೆಂಗಸರ ಎದುರು ಅದನ್ನೇ ಹೇಳುತ್ತಿದ್ದಳು. ನಾನು ಬಚ್ಚಲಿನಿಂದ ಹೊರಗೆ ಬಂದರೆ ಸಾಕು, “ಏನ ಬಾಯಿ, ಗಾಣ ಸುರು ಆತೇನ?” ಎಂದು ಕೇಳುತ್ತಿದ್ದಳು. ನನ್ನ ಮಕ್ಕಳು ಹುಟ್ಟಿ ಬೆಳೆದರೂ ಆ ಪ್ರಶ್ನೆಗೆ ವಯಸ್ಸಾಗಲಿಲ್ಲ.

ಅವಳ ಬಚ್ಚಲಿನ ರೀತಿ ಹೇಳುತ್ತೇನೆ. ನೆಲಕ್ಕೆ ಶಹಾಬಾದಿ ಫರ್ಸಿ ಕಲ್ಲು. ಅದನ್ನು ತಿಕ್ಕುವುದಕ್ಕೆ ಇಟ್ಟಿಗೆಯ ಚೂರು, ಬೂದಿ, ಧೋಬಿ ಸೋಡಾ. ನೀರು ಹೋಗುವ ಕಿಂಡಿಯಿಂದ ತಿಕ್ಕಲು ಸುರು ಮಾಡಬಾರದು. ದೂರದ ಮೂಲೆಯಿಂದ ಹಿಡಿದು ಕಿಂಡಿಯ ಕಡೆಗೆ ತಿಕ್ಕುತ್ತ ಬರಬೇಕು, ಇಲ್ಲದಿದ್ದರೆ ಹೊಲಸು ಮನೆಯೆಲ್ಲ ತಿರುಗುತ್ತದೆ. ತಿಕ್ಕಿ ತೊಳೆದ ಮೇಲೆ ಒಣ ಅರಿವೆಯಿಂದ ಒರೆಸಬೇಕು, ಫರ್ಸಿಯ ಸಂದಿಯಲ್ಲಿ ನೀರು ನಿಂತರೆ ಪಾಚಿ ಹಿಡಿಯುತ್ತದೆ, ಪಾಚಿಯಿಂದಲೇ ವಾಸನೆ. ಬಕೆಟ್ಟು ಬೋರಲು ಇಡಬೇಕು. ಸಬಕಾರ ತೂತು ಕೊರೆದ ತೆಂಗಿನ ಚಿಪ್ಪಿನಲ್ಲಿ ಇರಬೇಕು, ನೀರಿನಲ್ಲಿ ಕರಗುತ್ತ ಕೂಡಬಾರದು. ಕಿಂಡಿಯ ಜಾಳಿಗೆಯಲ್ಲಿ ಡಾಂಬರ ಗುಳಿಗೆ, ಅರಿವೆಯ ಪೆಟ್ಟಿಗೆಗೆ ಹಾಕುವಂಥದ್ದು. ಸಂಜೆ ಬಂಬದ ಕೆಂಡ ತೆಗೆದು ಅದರ ಮೇಲೆ ಬೇವಿನ ಎಲೆ, ಊದು ಹಾಕಿ ಬಚ್ಚಲಿನಲ್ಲಿ ಇಡುವುದು. ಹದಿನೈದು ದಿನಕ್ಕೊಮ್ಮೆ ಬಂಬಕ್ಕೆ ಹುಣಸೆಹಣ್ಣು. ಇದೆಲ್ಲ ಸರಿಯೇ. ಇವತ್ತಿಗೂ ನಾನು ಹೀಗೆಯೇ ಮಾಡುತ್ತೇನೆ. ರೀತಿ ಚೊಲೋ ಇತ್ತು, ಹೆಂಗಸು ಚೊಲೋ ಇರಲಿಲ್ಲ.

ಅತ್ತೆ ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಕಬ್ಬು ಪಾಲಾಯಿತು, ಪಡ ಪಾಲಾಯಿತು, ಪಡಸಾಲೆಯ ನಡುವೆ ಗೋಡೆ ಎದ್ದಿತು. ಬಚ್ಚಲು ಒಂದೇ, ಹಿತ್ತಲಿನ ಮೂಲೆಯಲ್ಲಿ. ಅದನ್ನು ಹೇಗೆ ಕೊಯ್ಯಬೇಕು? ಅದು ಎರಡು ಮನೆಗೂ ಕೂಡಿ ಎಂದು ಪಂಚರು ತೀರ್ಮಾನ ಮಾಡಿ, ಚಹಾ ಕುಡಿದು ಎದ್ದು ಹೋದರು. ಅವರಿಗೇನು? ಬಚ್ಚಲು ತಿಕ್ಕುವವರು ಅವರಲ್ಲ. ಒಂದು ದಿನ ಅವಳು, ಒಂದು ದಿನ ನಾನು ತಿಕ್ಕುವುದು ಎಂದಾಯಿತು. ನನ್ನ ಪಾಳಿಯ ದಿನ ನಾನು ತಿಕ್ಕಿ ಹೊರಗೆ ಬಂದ ಮೇಲೆ ಅವಳು ಒಳಗೆ ಹೋಗಿ ಮತ್ತೊಮ್ಮೆ ತಿಕ್ಕುತ್ತಿದ್ದಳು, ನನಗೆ ಕೇಳುವ ಹಾಗೆ ಸಪ್ಪಳ ಮಾಡಿ.

ಇನ್ನೊಂದು ಕೆಲಸ ಮಾಡುತ್ತಿದ್ದಳು. ನನ್ನ ಕೂದಲು ಆಗ ಉದ್ದ. ಜಾಳಿಗೆಯಲ್ಲಿ ಒಂದು ಎಳೆ ಸಿಕ್ಕಿದರೂ ಅದನ್ನು ಎತ್ತಿ, ಬೆರಳಿಗೆ ಸುತ್ತಿ ಉಂಡೆ ಮಾಡಿ, ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದಳು. ಮಾತಿಲ್ಲ, ಬೈಗುಳವಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯಲು ಎದ್ದು ಬಂದರೆ ಹೊಸ್ತಿಲ ಮೇಲೆ ಒದ್ದೆ ಕೂದಲಿನ ಉಂಡೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಸರಿಗೆ ಸರಿ ಆಗುತ್ತಿತ್ತು. ಕೂದಲಿಗೆ ಏನು ಉತ್ತರ ಕೊಡುವುದು…

ಹೀಗೆ ವರ್ಷಗಳು ಹೋದವು. ನನ್ನ ಮಗಳಿಗೆ ಹದಿನೆಂಟು ದಾಟಿತು. ನೆಗೆಣ್ಣಿಗೆ ಒಬ್ಬನೇ ಮಗ, ಅವನಿಗೂ ಹೆಣ್ಣು ನೋಡುತ್ತಿದ್ದರು. ಅದೇ ಸುಮಾರಿಗೆ ಬಚ್ಚಲಿಗೆ ಫಿನೈಲ್ ಬಂತು. ಮೊದಲು ವಾರಕ್ಕೊಮ್ಮೆ ಒಂದು ಮುಚ್ಚಳ ಹಾಕುತ್ತಿದ್ದಳು. ಆಮೇಲೆ ದಿನಾಲೂ. ಆಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ನಮ್ಮ ಓಣಿಯಲ್ಲಿ ಆಗ ಫಿನೈಲ್ ಎಂದರೆ ದವಾಖಾನೆ. ಮನೆಯಲ್ಲಿ ಯಾರೂ ಅದನ್ನು ಹಾಕುತ್ತಿರಲಿಲ್ಲ. ಬೂದಿ, ಸೋಡಾ, ಬೇವಿನ ಹೊಗೆ ಬಿಟ್ಟು ಇದೇನು ಹೊಸ ಷೋಕಿ ಎಂದು ನಾನು ನನ್ನ ಗಂಡನ ಮುಂದೆ ಅಂದೆ. ಅವನು, “ನಿಮ್ಮ ಬಚ್ಚಲ ಭಾನಗಡಿ ನನ್ನ ಮುಂದ ತರಬ್ಯಾಡ,” ಎಂದ. ಭಾನಗಡಿ ಎಂದರೆ ರಗಳೆ. ಗಂಡಸರಿಗೆ ಅದು ರಗಳೆ.

ನನ್ನ ಮಾವನ ತಂಗಿಯನ್ನು ಅಂಕಲಿಗೆ ಕೊಟ್ಟಿದ್ದರು. ನಾವೆಲ್ಲ ಅವರಿಗೆ ಅತ್ಯಾರ ಎನ್ನುತ್ತಿದ್ದೆವು. ಆ ಕಡೆ ಕೃಷ್ಣೆಯ ದಂಡೆಯ ಊರುಗಳಲ್ಲಿ ಯಾರ ಮನೆಗೆ ಯಾರ ಹೆಣ್ಣು ಎಂಬ ಮಾತು ಅವರ ಬಾಯಿಂದಲೇ ಸುರುವಾಗುತ್ತಿತ್ತು. ಅವರೇ ನನ್ನ ಮಗಳಿಗೆ ಅಂಕಲಿಯ ಒಂದು ಮನೆಯ ಸಂಬಂಧ ಹಚ್ಚಿದರು. ಹುಡುಗ ಒಳ್ಳೆಯವ, ನೀರಾವರಿ ಹೊಲ. ಹೆಣ್ಣು ನೋಡಲು ಬರುತ್ತೇವೆ ಎಂದರು.

ಆ ದಿನ ಬಚ್ಚಲಿನ ಪಾಳಿ ನನ್ನದು. ನಸುಕಿನಲ್ಲಿ ಎದ್ದು ತಿಕ್ಕಿದೆ. ಸಂದಿ ಸಂದಿಗೆ ಸೋಡಾ ಹಾಕಿ, ಗೋಡೆಯ ಬುಡಕ್ಕೆ ಸುಣ್ಣದ ಗೆರೆ ಎಳೆದು, ಕಿಟಕಿಗೆ ಬೇವಿನ ತೊಪ್ಪಲು ಕಟ್ಟಿದೆ. ಬೀಗರು ಬಂದರೆ ಮೊದಲು ಕಾಲು ತೊಳೆಯಲು ಬಚ್ಚಲಿಗೆ ಹೋಗುತ್ತಾರೆ. ಹುಡುಗಿಯ ಮುಖ ನೋಡುವ ಮೊದಲು ಬಚ್ಚಲಿನ ಮುಖ ನೋಡುತ್ತಾರೆ. ಅದು ನನಗೂ ಗೊತ್ತಿತ್ತು. ಎಲ್ಲ ಮುಗಿಸಿ ನಾನು ಒಲೆಯ ಮುಂದೆ ಶಿರಾ ಮಾಡುತ್ತ ಕುಳಿತೆ. ನನ್ನ ಹಿಂದೆಯೇ ನೆಗೆಣ್ಣಿ ಬಚ್ಚಲಿಗೆ ಹೋಗಿ ಅರ್ಧ ಬಾಟಲಿ ಫಿನೈಲ್ ಸುರಿದು ಬಂದಿದ್ದಳು. ನನಗೆ ಅದು ತಿಳಿದದ್ದು ಹಿತ್ತಲಿನ ಗಾಳಿ ಅಡುಗೆಮನೆಗೆ ಬಂದಾಗ. ಅಷ್ಟರಲ್ಲಿ ಬೀಗರು ಅಂಗಳದಲ್ಲಿದ್ದರು.

ಹುಡುಗನ ತಾಯಿ ಕಾಲು ತೊಳೆಯಲು ಹೋದಳು. ನೆಗೆಣ್ಣಿ ತಂಬಿಗೆ ಹಿಡಿದು ಜೊತೆಗೆ ಹೋದಳು. ನಾನು ಒಲೆ ಬಿಟ್ಟು ಏಳುವಂತಿರಲಿಲ್ಲ, ರವೆ ತಳ ಹಿಡಿಯುತ್ತಿತ್ತು. ಹುಡುಗನ ತಾಯಿ ಕೇಳಿದ್ದು ಮಾತ್ರ ಕಿವಿಗೆ ಬಿತ್ತು.

“ಇದೇನ್ರಿ, ದವಾಖಾನಿ ವಾಸನಿ? ಮನ್ಯಾಗ ಯಾರಿಗಿ ಆರಾಮಿಲ್ಲ?”

ನೆಗೆಣ್ಣಿಯ ಉತ್ತರ ಕೇಳಲಿಲ್ಲ. ದನಿ ತಗ್ಗಿಸಿ ಹೇಳಿದ್ದಳು. ಬೀಗರು ಶಿರಾ ತಿಂದರು, ಚೂಡಾ ತಿಂದರು, ಚಹಾ ಕುಡಿದರು, ನನ್ನ ಮಗಳ ಕೈಯಲ್ಲಿ ಹಣ್ಣು ಕೊಟ್ಟು ನಗುತ್ತ ಹೋದರು. ಹುಡುಗನ ತಾಯಿ ಹೋಗುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೈ ಕಡೆ ನೋಡ್ಕೋರಿ,” ಎಂದಳು. ಹಾಗೇಕೆ ಅಂದಳೋ ಎಂದುಕೊಂಡೆ.

ಮುಂದಿನ ವಾರ ಅತ್ಯಾರ ಅಂಕಲಿಯಿಂದ ಬಸ್ಸಿನಲ್ಲಿ ಬಂದು, ನನ್ನ ಅಡುಗೆಮನೆಯಲ್ಲಿ ಕುಳಿತು ಹೇಳಿದರು.

“ಅವ್ರು ಒಲ್ಲೆ ಅಂದ್ರು ಬೇ.”

“ಯಾಕಂತ್ರಿ? ಹುಡಗಿ ಪಸಂದ ಇಲ್ಲಂತೇನ್ರಿ?”

“ಹುಡಗಿ ಪಸಂದ ಅದಾಳ. ತಾಯಿಗಿ ಜಡ್ಡ ಐತಂತ. ಹೆಂಗಸರ ಜಡ್ಡ, ಕೆಟ್ಟ ವಾಸನಿ ಬರೂವಂಥಾದ್ದು. ತಾಯೀದು ಮಗಳಿಗಿ ಬರತೈತಿ ಅಂತ ಅಂಜ್ಯಾರ.”

ಒಂದು ದಿನವೂ ಜ್ವರದಿಂದ ಮಲಗಿದವಳಲ್ಲ ನಾನು. ಹೆತ್ತ ಮೇಲೂ ಬೇಗನೇ ಎದ್ದು ರೊಟ್ಟಿ ಬಡಿದವಳು. “ಯಾರ ಹೇಳಿದ್ರಂತ್ರಿ ಅತ್ಯಾರ?” ಎಂದೆ.

“ಅದು ನಿಮ್ಮ ಮನ್ಯಾಗಿಂದ ಹೊರಗ ಹೋದ ಮಾತು. ಊರಾಗ ಹುಟ್ಟಿದ್ದಲ್ಲ,” ಎಂದು ಅವರು ಬಟ್ಟಲು ಕೆಳಗಿಟ್ಟರು. ಅದಕ್ಕಿಂತ ಹೆಚ್ಚು ಹೇಳುವ ಅವಶ್ಯ ಇರಲಿಲ್ಲ.

ಕಣ್ಣಿದ್ದೂ ನೋಡದಿದ್ದದ್ದನ್ನೆಲ್ಲ ನಾನು ಆಗ ನೋಡಿದೆ. ಬಂಬದ ಹಿಂದೆ, ಕತ್ತಲೆಯ ಕಡೆ, ಹಳೇ ಸೀರೆಯ ತುಂಡುಗಳು ಒಣಗುತ್ತಿದ್ದವು. ಬಿಸಿಲಿಗೆ ಬರುತ್ತಿರಲಿಲ್ಲ. ಎಲ್ಲರ ಅರಿವೆಯನ್ನೂ ಕಡಕ್ ಬಿಸಿಲಿಗೆ ಹಾಕಿಸುವ ಹೆಂಗಸು ತನ್ನ ಅರಿವೆಯನ್ನು ಕತ್ತಲೆಯಲ್ಲಿ ಒಣಗಿಸುತ್ತಿದ್ದಳು. ಫಿನೈಲ್ ನೆಲಕ್ಕಾಗಿ ಬಂದದ್ದಲ್ಲ. ಅವಳ ಮೈಯ ವಾಸನೆಯನ್ನು ಮುಚ್ಚಲು ಬಂದದ್ದು. ಮುಚ್ಚಿದ್ದು ಸಾಲದೆ, ಕೇಳಿದವರಿಗೆ ಅದು ನನ್ನದು ಎಂದಳು.

ಮರುದಿನ ಅವಳ ಪಾಳಿ. ಬಚ್ಚಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ತಿಕ್ಕುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಷ್ಟು ವರ್ಷ ಅವಳಿಗೆ ‘ರಿ’ ಹಚ್ಚಿ ಮಾತಾಡಿದವಳು ಆವತ್ತು ‘ರಿ’ ಬಿಟ್ಟೆ.

“ಜಡ್ಡ ನಿನಗ ಐತಿ. ನನ್ನ ಹೆಸರ ಯಾಕ ಹೇಳಿದಿ?”

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಹಳ್ಳು ಮಾತಾಡ,” ಎಂದಳು. ಮೆಲ್ಲಗೆ ಎನ್ನುವುದಕ್ಕೆ ಅವಳ ಮಾತು ಅದು.

“ಮೆಲ್ಲಕ ಯಾಕ? ನೀ ಮೆಲ್ಲಕ ಹೇಳಿದ್ದು ಅಂಕಲಿತನಕ ಕೇಳೈತಿ.”

“ಕಾಗವಾಡದ ಹುಡಗೀನ್ನ ನನ್ನ ಮಗಗ ಒಪ್ಪ್ಯಾರ. ಅವ್ರಿಗಿ ಗೊತ್ತಾದ್ರ ಬಿಡ್ತಾರ. ನಿನ್ನ ಮಗಳಿಗಿ ಇನ್ನ ವಯಸ್ಸೈತಿ, ನನ್ನ ಮಗಗ ಮೂವತ್ತಾದೂ.”

“ಅದಕ್ಕ ನನ್ನ ಮಗಳನ್ನ ನಿನ್ನ ಕಿಂಡ್ಯಾಗ ತುರಕಿದಿ.”

“ಲಗ್ನ ಒಂದ ಆಗಲಿ. ಆಮ್ಯಾಲ ನಾನ ನನ್ನ ಬಾಯಿಲೆ ಅತ್ಯಾರಿಗಿ ಹೇಳತೀನಿ. ಆಣಿ ಮಾಡ ಅಂದ್ರ ಮಾಡತೀನಿ.”

ಅವಳು ತಲೆ ಎತ್ತಿದಾಗ ಮುಖ ಬಿಳಿಚಿಕೊಂಡಿತ್ತು. ಜಡ್ಡಿನಿಂದ ಬಿಳಿಚಿತ್ತೋ ಅಂಜಿಕೆಯಿಂದಲೋ, ನನಗೆ ಬೇಕಾಗಿರಲಿಲ್ಲ. ಮಗನ ಲಗ್ನಕ್ಕೆ ಬಹಳ ದಿನ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿರಲು ಒಪ್ಪಿದೆ. ನನ್ನ ಗಂಡನಿಗೂ ಹೇಳಲಿಲ್ಲ, ಹೇಳಿದ್ದರೆ ಅಣ್ಣತಮ್ಮಂದಿರು ಕೊಡಲಿ ಹಿಡಿಯುತ್ತಿದ್ದರು.

ಕಾಗವಾಡದ ಸೊಸೆ ಬಂದಳು. ಅಕ್ಕಿಕಾಳು ಬಿದ್ದವು, ಊಟವಾಯಿತು, ಹಂದರ ಬಿಚ್ಚಿದರು. ನೆಗೆಣ್ಣಿ ಬಾಯಿ ಬಿಚ್ಚಲಿಲ್ಲ. ಅತ್ಯಾರ ಆ ಮದುವೆಗೆ ಬಂದು ಮೂರು ದಿನ ಇದ್ದು ಹೋದರು, ಆಗಲೂ ಹೇಳಲಿಲ್ಲ. ನಾನು ಕಣ್ಣಿನಲ್ಲಿ ಕೇಳಿದರೆ ಅವಳು ಬೇರೆ ಕಡೆ ನೋಡುತ್ತಿದ್ದಳು. ಆಮೇಲೆ, “ಸೊಸಿ ಹೊಸದಾಗಿ ಬಂದಾಳ, ತವರಮನಿಗಿ ಹೋಗ್ತಾಳ,” ಎಂದಳು. ಆಮೇಲೆ, “ಶ್ರಾವಣ ಕಳೀಲಿ,” ಎಂದಳು. ಈ ನಡುವೆ ನನ್ನ ಮಗಳನ್ನು ಕೇಳಲು ರಾಯಬಾಗದ ಕಡೆಯಿಂದ ಒಂದು ಮಾತು ಬಂತು, ಅರ್ಧಕ್ಕೆ ನಿಂತಿತು. ನಿಪ್ಪಾಣಿಯಿಂದ ಒಂದು ಬಂತು, ಅದೂ ನಿಂತಿತು. ಬರುವ ಮೊದಲು ಎಲ್ಲರೂ ಅಂಕಲಿಯಲ್ಲಿ ಕೇಳಿ ಬರುತ್ತಿದ್ದರು. ನನ್ನ ಮಗಳು ಒಂದು ದಿನ ರೊಟ್ಟಿ ತಟ್ಟುತ್ತ, “ಅವ್ವಾ, ನಿನಗ ಖರೇನ ಏನರ ಆಗೈತೇನ?” ಎಂದು ಕೇಳಿದಳು. ಹೆತ್ತ ಮಗಳು ಕೇಳಿದಳು.

ಅದೇ ವರ್ಷದ ಮಳೆಗಾಲಕ್ಕೆ ನೆಗೆಣ್ಣಿ ನೆಲ ಹಿಡಿದಳು. ಮಿರಜಿನ ದವಾಖಾನೆಗೆ ಒಯ್ದು ತಂದರು. ಗರ್ಭದ ಚೀಲದ ಜಡ್ಡು, ಕೈ ಮೀರಿದೆ ಎಂದರಂತೆ. ಹೊರಗಿನವರಿಗೆ ವಾತ ಎಂದು ಹೇಳಿದರು. ಗೋಡೆಯ ಆಚೆಯೂ ವಾತ, ಈಚೆಯೂ ವಾತ. ಮನೆಯವರೆಲ್ಲ ಕೂಡಿ ಮುಚ್ಚಿದರು. ಹೊಸ ಸೊಸೆ ಬಸುರಿ, ವಾಸನೆಗೆ ಅವಳಿಗೆ ವಾಂತಿ. ಗಂಡಸರು ಹತ್ತಿರ ಬರುವ ಕೆಲಸವಲ್ಲ. ಅವಳನ್ನು ದಿನಾ ಬಚ್ಚಲಿಗೆ ಕರೆದುಕೊಂಡು ಹೋಗಿ ಮೈ ತೊಳೆಸುವವರು ಯಾರು? ಎರಡು ಮನೆಗೆ ಒಂದೇ ಬಚ್ಚಲು. ನಾನೇ.

ಕರುಣೆಯಿಂದ ಮಾಡಿದೆ ಎಂದು ಓಣಿಯಲ್ಲಿ ಮಾತಾಡಿದರು. ಓಣಿಗೆ ಏನು ಗೊತ್ತು. ಎತ್ತಿ ಒಯ್ದು ಕಲ್ಲಿನ ಮೇಲೆ ಕೂಡಿಸುತ್ತಿದ್ದೆ. ಬಂಬದ ನೀರು ಹದ ಮಾಡಿ ಹಾಕುತ್ತಿದ್ದೆ. ಅರಿವೆ ಒಗೆಯುತ್ತಿದ್ದೆ. ಆಮೇಲೆ ಫರ್ಸಿ ತಿಕ್ಕಿ ಫಿನೈಲ್ ಹಾಕುತ್ತಿದ್ದೆ. ದಿನಾಲೂ ಕೇಳುತ್ತಿದ್ದೆ, “ಯಾವಾಗ ಹೇಳ್ತಿ?” ಅವಳು ಉತ್ತರ ಕೊಡುತ್ತಿರಲಿಲ್ಲ. ಒಂದು ದಿನ ಮಾತ್ರ, “ಸೊಸಿ ಹಡೀಲಿ. ಆಕೀ ತವರವ್ರು ಗದ್ದಲ ಮಾಡ್ತಾರ,” ಎಂದಳು. ಇವಳು ಸಾಯುತ್ತಾಳೆ, ಹೇಳದೆಯೇ ಸಾಯುತ್ತಾಳೆ, ಜಡ್ಡು ನನ್ನ ಹೆಸರಿನಲ್ಲಿ ಉಳಿಯುತ್ತದೆ, ನನ್ನ ಮಗಳು ಒಲೆಯ ಮುಂದೆ ಮುದುಕಿಯಾಗುತ್ತಾಳೆ. ಅದು ಆಗ ನನಗೆ ಹೊಳೆಯಿತು.

ಜಡ್ಡಿನವಳನ್ನು ನೋಡಲು ಅತ್ಯಾರ ಬರುತ್ತಾರೆಂದು ಸುದ್ದಿ ಬಂತು. ಆ ದಿನ ಮುಂಜಾನೆ ನಾನು ಬಚ್ಚಲಿಗೆ ಫಿನೈಲ್ ಹಾಕಲಿಲ್ಲ. ಮರೆತು ಅಲ್ಲ. ಊದು ಹಾಕಲಿಲ್ಲ, ಕಿಟಕಿ ತೆರೆಯಲಿಲ್ಲ, ಹಿಂದಿನ ದಿನದ ಅರಿವೆ ಒಗೆಯಲಿಲ್ಲ. ಬಸ್ಸು ಬರುವ ಹೊತ್ತು ನೋಡಿ ನೆಗೆಣ್ಣಿಯನ್ನು ಬಚ್ಚಲಿಗೆ ಒಯ್ದು ಕಲ್ಲಿನ ಮೇಲೆ ಕೂಡಿಸಿದೆ. ಅವಳು ಮೂಗು ಎತ್ತಿ ಗಾಳಿ ಎಳೆದುಕೊಂಡಳು. ಅವಳ ಮೂಗು ಕಡೆಯವರೆಗೂ ಚುರುಕು.

“ಫಿನೈಲ ಹಾಕಿಲ್ಲೇನ?” ಎಂದಳು.

“ತೀರೈತಿ,” ಎಂದೆ. ತೀರಿರಲಿಲ್ಲ.

ಹಿತ್ತಲಿನಲ್ಲಿ ಅತ್ಯಾರ ದನಿ ಕೇಳಿತು. “ಎಲ್ಲಿ ಹೋಗೀರ್ಯಾ ಎಲ್ಲಾರೂ? ಕಾಲ ತೊಕ್ಕೋತೀನಿ, ಒಂದ ಚರಗಿ ನೀರ ಕೊಡ್ರಿ.”

ಹೊರಗೆ ಕೊಡ ಇತ್ತು. ಅಲ್ಲೇ ಕಾಲು ತೊಳೆಯಿರಿ ಎನ್ನಬಹುದಿತ್ತು. “ಒಳಗ ಬರ್ರಿ ಅತ್ಯಾರ, ಬಂಬದಾಗ ಬಿಸಿನೀರ ಅದಾವ,” ಎಂದು ಬಚ್ಚಲಿನ ಪರದೆ ಸರಿಸಿದೆ.

ಅತ್ಯಾರ ಒಂದು ಕಾಲು ಒಳಗಿಟ್ಟು ಅಲ್ಲೇ ನಿಂತರು. ಸೆರಗು ಮೂಗಿಗೆ ಹೋಯಿತು. ಕಲ್ಲಿನ ಮೇಲೆ ಕೂತವಳನ್ನು ನೋಡಿದರು, ಮೂಲೆಯ ಅರಿವೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನೆಗೆಣ್ಣಿ ಎರಡೂ ಕೈಯಿಂದ ಮೈ ಮುಚ್ಚಿಕೊಳ್ಳಲು ನೋಡಿದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ಎರಡು ಕೈಯಿಂದ ಅದನ್ನು ಮುಚ್ಚಲು ಆಗಲಿಲ್ಲ.

“ಅಂದ್ರ… ಜಡ್ಡ ನಿನಗೇನ ಬೇ?” ಎಂದರು ಅತ್ಯಾರ ಅವಳಿಗೆ.

ನೆಗೆಣ್ಣಿ ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ಆಮೇಲೆ, ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಂದ ಹಾಗೆ, ಒತ್ತಿ ಒತ್ತಿ, ಅಚ್ಚ ಕನ್ನಡದಲ್ಲಿ ಕೇಳಿದಳು.

“ಗಾಣ ಸುರು ಆತೇನ?”

ತಂಬಿಗೆ ನನ್ನ ಕೈಯಲ್ಲೇ ಇತ್ತು.

ಆಗ ಅವಳು ಅತ್ಯಾರ ಕಡೆ ತಿರುಗಿದಳು. “ಹೌದ್ರಿ ಅತ್ಯಾರ, ಜಡ್ಡ ನನಗ. ಮೊದಲಿಂದ ನನಗ. ಆಕೀಗಿ ಏನೂ ಆಗಿಲ್ಲ. ಆಕಿ ಕಲ್ಲ ಇದ್ದಂಗ ಅದಾಳ, ನೋಡ್ರಿ.”

ಅಷ್ಟೇ. ಅತ್ಯಾರ ಕಾಲು ತೊಳೆಯದೆ ಹಿಂದೆ ಸರಿದರು. ನಾನು ನೀರು ಹಾಕಿದೆ, ಮೈ ಒರೆಸಿದೆ, ಸೀರೆ ಸುತ್ತಿ ಒಳಗೆ ಒಯ್ದು ಮಲಗಿಸಿದೆ. ಬೆನ್ನಿಗೆ ಕೈ ಹಚ್ಚಿದಾಗ ಅವಳು ನಡುಗುತ್ತಿದ್ದಳು. ಚಳಿಗೆ ಇರಬೇಕು… ಮಳೆಗಾಲ.

ಆಮೇಲೆ ಆದದ್ದೆಲ್ಲ ಆಯಿತು. ಅತ್ಯಾರ ಅಂಕಲಿ ಮುಟ್ಟುವ ಮೊದಲೇ ಮಾತು ಮುಟ್ಟಿತು. ಕಾಗವಾಡದವರು ಬಂದು ಗದ್ದಲ ಮಾಡಿ, ಬಸುರಿ ಮಗಳನ್ನು ಕರೆದುಕೊಂಡು ಹೋದರು, ಮಗು ಹುಟ್ಟಿದ ಮೇಲೆ ಕಳಿಸಿದರು. ರಾಯಬಾಗದವರು ಬಿಟ್ಟ ಮಾತನ್ನು ಮತ್ತೆ ಹಿಡಿದರು. ನನ್ನ ಮಗಳು ಈಗಲೂ ಅಲ್ಲೇ ಇದ್ದಾಳೆ, ಮೊಮ್ಮಕ್ಕಳ ಜೊತೆ. ನಾನು ಆವತ್ತು ಪರದೆ ಸರಿಸದಿದ್ದರೆ ಅವಳು ಅಲ್ಲಿ ಇರುತ್ತಿರಲಿಲ್ಲ. ಸಾಯುವವಳ ಮಾನ ತೆಗೆದೆ ಎಂದು ನನ್ನ ಗಂಡ ಒಮ್ಮೆ ಅಂದ. ಬದುಕಿ ಬಾಳಬೇಕಾದವಳ ಮಾನ ಯಾರು ತೆಗೆದಿದ್ದರು ಎಂದು ಕೇಳಿದೆ. ಇವತ್ತಿಗೂ ನನ್ನ ಮಾತು ಅದೇ.

ನೆಗೆಣ್ಣಿ ಆ ಮಾತಾದ ಮೇಲೆ ನನ್ನ ಜೊತೆ ಮಾತಾಡಲಿಲ್ಲ. ನಾನು ದಿನಾ ಎತ್ತಿ ಒಯ್ಯುತ್ತಿದ್ದೆ, ನೀರು ಹಾಕುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೂಡುತ್ತಿದ್ದಳು. ನನ್ನ ಕೈ ಬೇಡ ಎನ್ನಲು ಬೇರೆ ಕೈ ಇರಲಿಲ್ಲ. ಒಮ್ಮೆ ಕಾಲಿನ ಬೆರಳಿನಿಂದ ಫರ್ಸಿಯ ಸಂದಿ ತೋರಿಸಿದಳು. ಅಲ್ಲಿ ಪಾಚಿ ಹಿಡಿದಿತ್ತು. ಅವಳ ಎದುರಿಗೇ ತಿಕ್ಕಿದೆ. ನೋಡಿದಳು, ಮತ್ತೆ ಕಣ್ಣು ಮುಚ್ಚಿದಳು. ಪಡದಲ್ಲಿ ದ್ರಾಕ್ಷಿ ಕೊಯ್ಯುವ ಮೊದಲೇ ಹೋದಳು. ಅವಳನ್ನು ಒಯ್ದ ದಿನ ಜನ ಸ್ನಾನ ಮಾಡಿ ಹೋದ ಮೇಲೆ ನಾನೊಬ್ಬಳೇ ಬಚ್ಚಲಿಗೆ ಹೋಗಿ ಪರದೆ ಎಳೆದುಕೊಂಡು, ದೂರದ ಮೂಲೆಯಿಂದ ಕಿಂಡಿಯ ಕಡೆಗೆ ತಿಕ್ಕುತ್ತ ಬಂದು, ಉಳಿದ ಫಿನೈಲನ್ನೆಲ್ಲ ಸುರಿದೆ. ಮೂಗಿಗೆ ಸೆರಗು ಹಿಡಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಅಷ್ಟು ಫಿನೈಲ್ ಹಾಕಿದರೆ ಯಾರಿಗೂ ಬರುತ್ತದೆ.

ಐನಾಪುರದ ಆ ಬಚ್ಚಲು ಈಗ ಇಲ್ಲ. ಅವಳ ಮಗ ಕೆಡವಿ ತನ್ನ ಪಾಲಿನಲ್ಲಿ ಬೇರೆ ಕಟ್ಟಿಸಿದ, ನಾವು ಚಿಕ್ಕೋಡಿಗೆ ಬಂದೆವು. ಬಂಬ ಯಾರ ಪಾಲಿಗೆ ಹೋಯಿತೋ, ಹಳೇ ತಾಮ್ರ ಕೊಳ್ಳುವ ಮೋಡಿನ ಅಂಗಡಿಗೇ ಹೋಗಿರಬೇಕು. ನನಗೆ ಅವಳ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನೂ ಹೊರಟಿಲ್ಲ.

ಮೊನ್ನೆ ಸೊಸೆ ಫಿನೈಲ್ ಹಾಕಿ, ಕಿಂಡಿಯ ಕಡೆಯಿಂದ ಹಿಂದಕ್ಕೆ ತಿಕ್ಕತೊಡಗಿದಳು. ನಾನು ಬ್ರಷ್ ಕಸಿದುಕೊಂಡು, “ನೀರ ಹೋಗೂ ಕಡೆಗಿ ತಿಕ್ಕಬೇಕ. ನಿಮ್ಮವ್ವ ಕಲಿಸಿಲ್ಲೇನ?” ಎಂದೆ.

“ನಿಮಗ್ಯಾರ ಕಲಿಸ್ಯಾರ್ರಿ?” ಎಂದು ಅವಳು ತಿರುಗಿ ಕೇಳಿದಳು. ಬಾಯಿ ಇದೆ ಅವಳಿಗೆ.

“ಯಾರೂ ಇಲ್ಲ,” ಎಂದೆ.

ಅವಳು ಒಳಗೆ ಹೋದ ಮೇಲೆ ಮೊಣಕಾಲಿನ ನೋವು ಹಿಡಿದುಕೊಂಡು ಕೆಳಗೆ ಕೂತು ನಾನೇ ತಿಕ್ಕಿದೆ. ಸ್ಟೀಲಿನ ಜಾಳಿಗೆ ಎತ್ತಿದಾಗ ಅದಕ್ಕೆ ಕೂದಲು ಸಿಕ್ಕಿತ್ತು. ಬಿಳಿ ಕೂದಲು, ಮೋಟು ಕೂದಲು. ಈ ಮನೆಯಲ್ಲಿ ಬಿಳಿ ಕೂದಲಿನವಳು ನಾನೊಬ್ಬಳೇ. ಅದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿದೆ, ಯಾಕೋ ಅಡುಗೆಮನೆಯ ಹೊಸ್ತಿಲ ಕಡೆ ನೋಡಿದೆ… ಅಲ್ಲಿ ತಂದು ಇಡುವವಳು ಈಗ ಯಾರೂ ಇಲ್ಲ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದು, ಸೊಸೆ ಬರುವ ಮೊದಲು ಕಸದ ಡಬ್ಬಿಗೆ ಒಗೆದೆ.